ದುಬೈಯಲ್ಲಿ ಟ್ಯಾಕ್ಸೇ ಇಲ್ಲ, ನಮಗೆ ಮಾತ್ರ ಯಾಕೆ?

ಪ್ರಶ್ನೆ: ಸರ್, ನಾನು ಉಡುಪಿಯವನು. ಹನ್ನೊಂದು ವರ್ಷದಿಂದ ದುಬೈಯಲ್ಲಿದ್ದೇನೆ. ಇಲ್ಲಿ ಒಂದು ಪೈಸೆ ಟ್ಯಾಕ್ಸ್ ಇಲ್ಲ, ಆದರೂ ರಸ್ತೆ ಕನ್ನಡಿ ಹಾಗೆ ಉಂಟು. ಊರಲ್ಲಿ ಟ್ಯಾಕ್ಸ್ ಕಟ್ಟಿಯೂ ಹೊಂಡ. ನಮ್ಮ ಸರ್ಕಾರಕ್ಕೂ ಹೀಗೆ ಮಾಡಲಿಕ್ಕೆ ಆಗುವುದಿಲ್ವಾ?

ಉತ್ತರ: ಈ ಪ್ರಶ್ನೆ ಪ್ರತಿ ವರ್ಷ ಜುಲೈಯಲ್ಲೇ ಬರುತ್ತದೆ. ರಿಟರ್ನ್ಸ್ ಹಾಕುವ ಸೀಸನ್ ಅದು. ಮಳೆಗೆ ರಸ್ತೆ ಕಿತ್ತುಹೋಗುವ ಸೀಸನ್ನೂ ಅದೇ. ಹೊಂಡದ ವಿಷಯದಲ್ಲಿ ನನ್ನದು ವಾದವಿಲ್ಲ. ನನ್ನ ಸ್ಕೂಟರಿನ ಶಾಕ್ ಅಬ್ಸಾರ್ಬರ್ ಈ ಮಳೆಗಾಲದಲ್ಲೇ ಎರಡು ಸಲ ಹೋಗಿದೆ.

ಆದರೆ ಆ ‘ಒಂದು ಪೈಸೆ ಇಲ್ಲ’ ಉಂಟಲ್ಲ, ಅದನ್ನು ಬಿಡಿಸಿ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ ಮಾರಾಯ್ರೆ. ಇನ್ನೊಮ್ಮೆ ಹೇಳುತ್ತೇನೆ.

ಅಲ್ಲಿ ಇಲ್ಲದಿರುವುದು ಮುಖ್ಯವಾಗಿ ಸಂಬಳದ ಮೇಲಿನ ತೆರಿಗೆ. 2018ರ ಜನವರಿಯಿಂದ ಶೇ 5 ವ್ಯಾಟ್ ಉಂಟು, ನಮ್ಮ ಜಿಎಸ್‌ಟಿ ಹಾಗೆ ಕೊಳ್ಳುವ ಸಾಮಾನಿನ ಮೇಲೆ. 3.75 ಲಕ್ಷ ದಿರ್ಹಮ್ ಮೀರಿದ ಕಂಪನಿ ಲಾಭಕ್ಕೆ 2023ರಿಂದ ಶೇ 9. ಬಾಡಿಗೆ ಮನೆಯಲ್ಲಿದ್ದರೆ ನಿಮ್ಮ ಕರೆಂಟ್-ನೀರಿನ ಬಿಲ್ ತೆಗೆದು ನೋಡಿ. ಹೌಸಿಂಗ್ ಫೀ ಅಂತ ಒಂದು ಸಾಲು ಇರುತ್ತದೆ. ವರ್ಷದ ಬಾಡಿಗೆಯ ಶೇ 5, ತಿಂಗಳಿಗಿಷ್ಟು ಅಂತ ಕಂತು. ಇನ್ನು ಸುರತ್ಕಲ್ ಟೋಲ್ ತೆಗೆಸಲಿಕ್ಕೆ ವರ್ಷಗಟ್ಟಲೆ ಬೊಬ್ಬೆ ಹಾಕಿ, 2022ರಲ್ಲಿ ಗೆದ್ದು ಸ್ವೀಟ್ ಹಂಚಿದವರು ನಾವು. ದುಬೈಗೆ ಹೋದ ಮೇಲೆ ಅಲ್ಲಿಯ ಟೋಲ್, ಸಾಲಿಕ್ ಗೇಟಿನಡಿ ಹಾದಾಗೆಲ್ಲ ನಾಲ್ಕೋ ಆರೋ ದಿರ್ಹಮ್ ಹೋದರೂ ಉಸಿರೆತ್ತುವುದಿಲ್ಲ. ಗೇಟು ಬಂದದ್ದು 2007ರಲ್ಲಿ. ಅದನ್ನು ಯಾರೂ ಟ್ಯಾಕ್ಸ್ ಅನ್ನುವುದಿಲ್ಲ, ನೋಡಿ.

ಹೆಸರಿನ ಆಟ ಸೌದಿಯಲ್ಲಿ ಇನ್ನೂ ಜೋರು. 2017ರ ಜುಲೈಯಿಂದ ಜೊತೆಗಿರುವ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಫೀ ಬಂತು. ವರ್ಷ ವರ್ಷ ಏರಿ 2020ಕ್ಕೆ 400 ಆಯಿತು. ಹೆಂಡತಿ, ಎರಡು ಮಕ್ಕಳು ಅಂದರೆ ತಿಂಗಳಿಗೆ 1,200 ರಿಯಾಲ್. ಅದೇ ವರ್ಷ ವ್ಯಾಟ್ ಶೇ 5ರಿಂದ 15ಕ್ಕೆ ಹಾರಿತು. ನಮ್ಮ ಕಡೆಯ ಎಷ್ಟೋ ಕುಟುಂಬಗಳು ಆಗ ಗಂಟುಮೂಟೆ ಕಟ್ಟಿ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದವು. ಗಂಡ ಅಲ್ಲಿಯೇ ಬ್ಯಾಚುಲರ್ ರೂಮಿಗೆ.

‘ಎಣ್ಣೆ ಉಂಟು ಸರ್, ಅವರಿಗೆಂತ ಚಿಂತೆ’ ಅನ್ನುವವರಿಗೆ: ನಾರ್ವೆಯಲ್ಲೂ ಎಣ್ಣೆ ಉಂಟು. ಅಲ್ಲಿ ಆದಾಯ ತೆರಿಗೆಯೂ ಉಂಟು, ಮೇಲಿಂದ ಶೇ 25 ವ್ಯಾಟ್. ಒಮಾನಿನಲ್ಲೂ ಎಣ್ಣೆ ಉಂಟು. 2028ರಿಂದ 42,000 ರಿಯಾಲ್ ಮೀರಿದ ವರ್ಷದ ಆದಾಯಕ್ಕೆ ಶೇ 5 ತೆರಿಗೆ ಅಂತ ಅವರು ಕಾನೂನನ್ನೇ ಮಾಡಿದ್ದಾರೆ. ದುಬೈಯ ಎಣ್ಣೆಯಂತೂ ಹೆಚ್ಚು ಕಡಿಮೆ ಮುಗಿದ ಕಥೆ. 2009ರಲ್ಲಿ ಸಾಲ ಕಟ್ಟಲಾಗದೆ ಅಬುಧಾಬಿಯಿಂದ ಸಾವಿರ ಕೋಟಿ ಡಾಲರ್ ತಗೊಂಡಿತು. ಮರು ತಿಂಗಳು ಬುರ್ಜ್ ದುಬೈ ಹೋಗಿ ಬುರ್ಜ್ ಖಲೀಫಾ ಆಯಿತು, ಅಂದಿನ ಅಬುಧಾಬಿ ದೊರೆಯ ಹೆಸರಲ್ಲಿ.

ಹಾಗಾದರೆ ಲೆಕ್ಕ ಹೇಗೆ ಸರಿಹೋಗುತ್ತದೆ?

ನಮ್ಮ ಬೀದಿಯಲ್ಲಿ ಒಬ್ಬರಿದ್ದಾರೆ, ನಾವೆಲ್ಲ ಅಣ್ಣ ಅನ್ನುತ್ತೇವೆ. 22 ವರ್ಷ ದುಬೈಯಲ್ಲಿ ಎಸಿ ಮೆಕ್ಯಾನಿಕ್. ವಾಪಸ್ ಬಂದ ವಾರವೇ ಸೆಟ್ಲ್‌ಮೆಂಟ್ ಕಾಗದ ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ‘ಇದು ಸರಿ ಉಂಟಾ ನೋಡಿ’ ಅಂದರು. ಸಂಬಳ 2,600 ದಿರ್ಹಮ್. ಅದರಲ್ಲಿ ಬೇಸಿಕ್ ಬರೀ 1,000, ಉಳಿದದ್ದೆಲ್ಲ ಅಲೋವೆನ್ಸ್. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಬೇಸಿಕ್ ಮೇಲೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ 30 ದಿನದ್ದು. ಎಲ್ಲ ಕೂಡಿ 20,500 ದಿರ್ಹಮ್. ಐದು ಲಕ್ಷ ರೂಪಾಯಿಯ ಆಸುಪಾಸು. ಪೆನ್ಶನ್ ಇಲ್ಲ. ಪಿಎಫ್ ಇಲ್ಲ. ನಾನು ಎರಡು ಸಲ ಕೂಡಿಸಿ ನೋಡಿದೆ. ಕಾಗದ ಸರಿಯಾಗಿಯೇ ಇತ್ತು.

ಅವರು ಓದಿದ್ದು ಸರ್ಕಾರಿ ಶಾಲೆ, ಸರ್ಕಾರಿ ಐಟಿಐ. ಈಗ ಬಿಪಿ, ಶುಗರ್ ಎರಡೂ ಉಂಟು, ಮಾತ್ರೆ ಮಂಗಳೂರಿನ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್‌ನಿಂದ ತರುತ್ತಾರೆ. ಆ ಶಾಲೆಗೂ ಈ ಮಾತ್ರೆಗೂ ದುಡ್ಡು ಎಲ್ಲಿಂದ ಬಂತು? ಇಲ್ಲಿಯ ಟ್ಯಾಕ್ಸಿನಿಂದ. ಮೈಯಲ್ಲಿ ಕಸುವಿದ್ದ 22 ವರ್ಷ ಮಾತ್ರ ದುಬೈಗೆ. ದುಬೈ ಇರುವ ಯುಎಇ ದೇಶದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನ ಇಂಥ ಹೊರಗಿನವರೇ. ಮುದುಕರಾಗುವ ಹೊತ್ತಿಗೆ ವೀಸಾ ಮುಗಿದಿರುತ್ತದೆ. ಅವರ ಮುಪ್ಪಿನ ಖರ್ಚು ಅಲ್ಲಿಯ ಬಜೆಟ್ಟಿಗೆ ಬರುವುದೇ ಇಲ್ಲ. ನಮ್ಮ ಸರ್ಕಾರಕ್ಕೂ ಹಾಗೆ ಮಾಡಿ ಅನ್ನುತ್ತೀರಲ್ಲ, ಅರವತ್ತು ದಾಟಿದವರನ್ನು ಅದು ಯಾವ ವಿಮಾನ ಹತ್ತಿಸಬೇಕು?

ಗಲ್ಫ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅಣ್ಣನನ್ನೇ ಕೇಳಿ. ತಂಗಿಯರಿಬ್ಬರ ಮದುವೆ, ತಾರಸಿ ಮನೆ, ಮಗಳ ನರ್ಸಿಂಗ್, ಎಲ್ಲ ಅದೇ ದುಡ್ಡಿನಿಂದ. ಇಲ್ಲೇ ಇದ್ದಿದ್ದರೆ ಆಗುತ್ತಿರಲಿಲ್ಲ ಅಂತ ಅವರೇ ಹೇಳುತ್ತಾರೆ. ಮಗಳು ಹತ್ತನೇ ಕ್ಲಾಸಿಗೆ ಬರುವವರೆಗೆ ಅವಳನ್ನು ಒಟ್ಟು ಎಷ್ಟು ತಿಂಗಳು ನೋಡಿದ್ದೇನೆ ಅಂತಲೂ ಲೆಕ್ಕ ಇಟ್ಟಿದ್ದಾರೆ. ಹದಿನಾಲ್ಕು.

ನೀವು ಕೇಳದೆ ಇರುವ ಒಂದು ವಿಷಯ ಹೇಳಿಬಿಡುತ್ತೇನೆ. ಊರಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದೀರಾ? ಎನ್‌ಆರ್‌ಐ ಆದರೂ ಆ ಬಾಡಿಗೆಗೆ ತೆರಿಗೆ ಇಲ್ಲೇ. ‘ಹನ್ನೆರಡು ಲಕ್ಷದವರೆಗೆ ಫ್ರೀ ಅಲ್ವಾ’ ಅನ್ನಬೇಡಿ. ಆ ರಿಯಾಯಿತಿ ಇಲ್ಲಿ ವಾಸ ಇರುವವರಿಗೆ ಮಾತ್ರ. ಹೊಸ ಪದ್ಧತಿಯಲ್ಲಿ ನಿಮಗೆ ನಾಲ್ಕು ಲಕ್ಷದ ಮೇಲೆ ಲೆಕ್ಕ ಶುರು. ಮತ್ತೆ, ಓನರ್ ಎನ್‌ಆರ್‌ಐ ಆಗಿದ್ದರೆ ಬಾಡಿಗೆಯಲ್ಲಿ ಶೇ 31.2 ಟಿಡಿಎಸ್, ಅಂದರೆ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿದು ಕಟ್ಟುವ ಜವಾಬ್ದಾರಿ ಬಾಡಿಗೆಗಿರುವವರದ್ದು. ಜಾಸ್ತಿ ಹಿಡಿದದ್ದನ್ನು ರಿಟರ್ನ್ಸ್ ಹಾಕಿ ವಾಪಸ್ ಪಡೆಯಬಹುದು. ನಿಮ್ಮ ಫ್ಲ್ಯಾಟಿನಲ್ಲಿರುವ ಪಾಪದವರಿಗೆ ಇದು ಗೊತ್ತುಂಟಾ, ಈ ತಿಂಗಳ ಬಾಡಿಗೆ ಬರುವ ಮೊದಲು ಒಂದು ಫೋನ್ ಮಾಡಿ ಕೇಳಿ.