ಗುಡ್ಡ ಕುಸಿದ ಊರಿಗೆ ಹೊರಡುವಾಗ ನನ್ನ ಚೀಲದಲ್ಲಿ ಏನಿರಬೇಕು?

ಪ್ರಶ್ನೆ: ವಿಪತ್ತಿನಲ್ಲಿ ನೆರವಾಗುವ ಸ್ವಯಂಸೇವಕರಿಗೆ ಕೊಡುವ ಆಪದ ಮಿತ್ರ ತರಬೇತಿ ಮುಗಿಸಿದ್ದೇನೆ. ಊರು ಕೊಡಗಿನ ಸೋಮವಾರಪೇಟೆ ಹತ್ತಿರ. ಮಳೆಗಾಲದಲ್ಲಿ ಯಾವಾಗ ಬೇಕಾದರೂ ಕರೆ ಬರಬಹುದು. ನನ್ನ ಸ್ವಂತ ಚೀಲದಲ್ಲಿ ಏನೇನು ಇಟ್ಟುಕೊಳ್ಳಬೇಕು? ಎಷ್ಟು ಭಾರ ಇರಬಹುದು?

ಉತ್ತರ: ಹಗ್ಗ, ಸ್ಟ್ರೆಚರ್, ಗುದ್ದಲಿ ಎಲ್ಲ ತಂಡದ ಸಾಮಾನು. ಅದರ ಚಿಂತೆ ಬಿಡಿ. ನಿಮ್ಮ ಚೀಲಕ್ಕೆ ಇರುವುದು ಒಂದೇ ಕೆಲಸ. ಮೂರು ದಿನ ನೀವು ಯಾರ ಮುಂದೆಯೂ ಕೈ ಚಾಚದ ಹಾಗೆ ನೋಡಿಕೊಳ್ಳುವುದು.

ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ನಾನೂ ಹೊರಟೆ. ಚೀಲದಲ್ಲಿ ಇದ್ದದ್ದು ಎರಡು ಜೀನ್ಸ್ ಪ್ಯಾಂಟು, ಹತ್ತಿ ಬನಿಯನ್ನು, ಒಂದು ಕೊಡೆ. ಮೊದಲ ದಿನ ಸಂಜೆಗೇ ಎಲ್ಲ ತೊಪ್ಪೆ. ಗಂಜಿ ಕೇಂದ್ರದ ಮೂಲೆಯಲ್ಲಿ ನಡುಗುತ್ತಾ ಕೂತಿದ್ದೆ. ವಯಸ್ಸಾದ ಒಬ್ಬರು ಹತ್ತಿರ ಬಂದು, "ತಗೊಳ್ಳಿ, ಇದನ್ನ ಉಟ್ಕೊಳ್ಳಿ" ಅಂತ ಒಂದು ಒಣ ಲುಂಗಿ ಕೊಟ್ಟರು. ಅವರ ಮನೆ ಹಿಂದಿನ ದಿನವೇ ಮಣ್ಣಿನಡಿ ಹೋಗಿತ್ತು. ಅವರ ಹತ್ತಿರ ಇದ್ದದ್ದೇ ಒಂದು ಕೈಚೀಲ. ಸಹಾಯ ಮಾಡಲು ಹೋದವನು ನಾನು!

ಆದ್ದರಿಂದ ಲುಂಗಿಯಿಂದಲೇ ಶುರು ಮಾಡುತ್ತೇನೆ. ಟವೆಲ್ಲಿಗಿಂತ ಬೇಗ ಒಣಗುತ್ತದೆ, ಹೊದಿಕೆಯಾಗುತ್ತದೆ, ಬಟ್ಟೆ ಬದಲಿಸುವಾಗ ಮರೆಯಾಗುತ್ತದೆ, ಕೈ ಮುರಿದವರಿಗೆ ಜೋಳಿಗೆ ಕಟ್ಟಲೂ ಆಗುತ್ತದೆ. ಹೆಂಗಸರಿಗೂ ಒಂದಿರಲಿ. ತುಂಬಿದ ಶಾಲಾ ಕೊಠಡಿಯಲ್ಲಿ ಬಟ್ಟೆ ಬದಲಿಸುವ ಕಷ್ಟ ಅಲ್ಲಿ ಮಲಗಿದವರಿಗೇ ಗೊತ್ತು.

ನಮ್ಮಲ್ಲಿ ದೊಡ್ಡ ಅನಾಹುತಗಳೆಲ್ಲ ಬರುತ್ತಿರುವುದು ಆಗಸ್ಟ್‌ನಲ್ಲೇ. 2018 ಆಯಿತು, 2019ರಲ್ಲಿ ವಿರಾಜಪೇಟೆ ಕಡೆಯ ತೋರ ಗ್ರಾಮ, 2020ರಲ್ಲಿ ತಲಕಾವೇರಿ. ಆ ಹೊತ್ತಿಗೆ ತಿಂಗಳುಗಟ್ಟಲೆ ಮಳೆ ಕುಡಿದ ನೆಲ ಇನ್ನು ಹಿಡಿದಿಟ್ಟುಕೊಳ್ಳಲಾರೆ ಅನ್ನುತ್ತಿರುತ್ತದೆ. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಬಟ್ಟೆಗೂ ಹಸಿ ಬಿಡುವುದಿಲ್ಲ, ಹೊಗೆ ವಾಸನೆ ಬೇರೆ. ಹಾಗಾಗಿ ಚೀಲ ಕಟ್ಟುವಾಗ ನಿಮ್ಮ ಶತ್ರು ತೇವ ಅಂದುಕೊಳ್ಳಿ.

ಚೀಲ ವಾಟರ್‌ಪ್ರೂಫ್ ಅಂತ ಅಂಗಡಿಯವನು ಹೇಳಿದ್ದನ್ನು ನಂಬಬೇಡಿ. ಜಿಪ್ಪಿನ ಸಂದಿಯಲ್ಲಿ ನೀರು ಬಂದೇ ಬರುತ್ತದೆ. ತೋಟದಲ್ಲಿ ಗೊಬ್ಬರದ ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಕವರ್ ಇರುತ್ತದಲ್ಲ, ಅದನ್ನು ಚೆನ್ನಾಗಿ ತೊಳೆದು ಒಣಗಿಸಿ ನಿಮ್ಮ ಚೀಲದೊಳಗೆ ಇಳಿಸಿ. ಎಲ್ಲವನ್ನೂ ಅದರೊಳಗೆ ತುಂಬಿ, ಬಾಯಿ ತಿರುಚಿ, ಮಡಚಿ ಕಟ್ಟಿ. ಖರ್ಚಿಲ್ಲದ ಕೆಲಸ. ಅದರೊಳಗೆ ಇನ್ನೊಂದು ಕವರಿನಲ್ಲಿ ಒಂದು ಜೊತೆ ಬಟ್ಟೆ, ಒಂದು ಜೊತೆ ಉಣ್ಣೆಯ ಕಾಲುಚೀಲ ಬೇರೆಯಾಗಿ ಇರಲಿ. ಇದು ಮಲಗುವಾಗ ಹಾಕುವುದಕ್ಕೆ ಮಾತ್ರ. ಬೆಳಿಗ್ಗೆ ಎದ್ದು ಮತ್ತೆ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಮನಸ್ಸು ಒಪ್ಪುವುದಿಲ್ಲ, ನನಗೆ ಗೊತ್ತು. ಆದರೆ ಒಣ ಜೊತೆಯನ್ನು ಹಗಲು ಹಾಕಿದಿರೋ, ಎರಡನೇ ರಾತ್ರಿ ನಿದ್ದೆ ಇಲ್ಲ. ಕೆಲಸದ ಬಟ್ಟೆ ತೆಳ್ಳಗಿನ ಪಾಲಿಯೆಸ್ಟರ್ ಆಗಿರಲಿ. ಜೀನ್ಸ್ ಬೇಡವೇ ಬೇಡ. ಕೊಡೆಯೂ ಬೇಡ, ಗಾಳಿಗೆ ನಿಲ್ಲುವುದಿಲ್ಲ, ಒಂದು ಕೈಯನ್ನೂ ಕಟ್ಟಿಹಾಕುತ್ತದೆ. ಪ್ಯಾಂಟು, ಕೋಟು ಬೇರೆ ಬೇರೆ ಇರುವ ರೇನ್‌ಕೋಟ್ ತೆಗೆದುಕೊಳ್ಳಿ.

ಕಾಲಿಗೆ ಗಂಬೂಟು. ಕೆಸರಿಗೆ ಅದರಷ್ಟು ಒಳ್ಳೆಯದು ಇಲ್ಲ. ಆದರೆ ತೋಡು ದಾಟುವಾಗ ಮೇಲಿನಿಂದ ನೀರು ತುಂಬಿದರೆ ಕಾಲು ಎತ್ತಲಾಗದಷ್ಟು ಭಾರ. ಹರಿಯುವ ನೀರಿಗೆ ಇಳಿಯಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಒಳಗೆ ದಪ್ಪ ಕಾಲುಚೀಲ ಹಾಕಲು ಒಂದು ಸೈಜ್ ದೊಡ್ಡದು ನೋಡಿ. ಕೇಂದ್ರದಲ್ಲಿ ಓಡಾಡಲು ಹಿಂದೆ ಪಟ್ಟಿ ಇರುವ ಚಪ್ಪಲಿ ಸಾಕು. ರಾತ್ರಿ ಕಾಲು ಒರೆಸಿ, ಬೆರಳ ಸಂದಿ ಒಣಗಿಸಿ. ದಿನವಿಡೀ ನೆನೆದ ಕಾಲು ಬೆಳ್ಳಗಾಗಿ ಸುಲಿಯಲು ಶುರುವಾದರೆ ಮಾರನೇ ದಿನ ನೀವೇ ರೋಗಿ.

ಜಿಗಣೆಗೆ ಹೊಸದಾಗಿ ಏನೂ ಹೇಳಬೇಕಿಲ್ಲ, ಅಲ್ವಾ? ಬಟ್ಟೆಯಲ್ಲಿ ಉಪ್ಪಿನ ಗಂಟು ಕಟ್ಟಿ ಜೇಬಿನಲ್ಲಿಡಿ, ಒದ್ದೆ ಮಾಡಿ ಮುಟ್ಟಿಸಿದರೆ ಬಿಡುತ್ತದೆ. ಅದು ಕಚ್ಚಿದ ಜಾಗ ಸ್ವಲ್ಪ ಹೊತ್ತು ರಕ್ತ ಸುರಿಸುತ್ತದೆ, ಹೆದರಬೇಡಿ. ಹೆದರಬೇಕಾದದ್ದು ಇಲಿಜ್ವರಕ್ಕೆ. ಇಲಿ, ದನಗಳ ಮೂತ್ರ ಬೆರೆತ ನೀರು, ಕೆಸರು ನಮ್ಮ ಗೀರು ಗಾಯದೊಳಗೆ ಹೋದರೆ ಬರುತ್ತದೆ. ಅದಕ್ಕೇ ರಬ್ಬರ್ ಕೈಗವಸು, ನೀರು ತಾಗದ ಬ್ಯಾಂಡೇಜು ಬೇಕು. ಮೊದಲೇ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಮಾತ್ರೆ ಇದೆ, ಆದರೆ ಎಲ್ಲರಿಗೂ ಆಗುವುದಿಲ್ಲ. ಹೊರಡುವ ಮುಂಚೆ ಡಾಕ್ಟರನ್ನು ಕೇಳಿ. ಟಿಟಿ ಇಂಜೆಕ್ಷನ್ ಯಾವಾಗ ಹಾಕಿಸಿಕೊಂಡದ್ದು ಅಂತಲೂ ನೋಡಿಕೊಳ್ಳಿ. ಬಿಪಿ, ಶುಗರ್ ಮಾತ್ರೆ ನುಂಗುವವರು ಮೂರಲ್ಲ, ಏಳು ದಿನಕ್ಕೆ ಇಟ್ಟುಕೊಳ್ಳಿ. ರಸ್ತೆ ಹೋದರೆ ವಾಪಸು ಬರುವುದು ನಿಮ್ಮ ಕೈಯಲ್ಲಿರುವುದಿಲ್ಲ. ಪ್ಯಾಡ್‌ಗಳೂ ಹಾಗೇ, ಲೆಕ್ಕಕ್ಕಿಂತ ಜಾಸ್ತಿ ಇರಲಿ. ಕೇಳುವವರು ಇರುತ್ತಾರೆ.

ಊಟಕ್ಕೆ ಅವಲಕ್ಕಿ, ಬೆಲ್ಲ, ಕಡಲೆಮಿಠಾಯಿ. ಬೇಯಿಸುವ ಕೆಲಸ ಇರಬಾರದು. ಬೆಲ್ಲವಿದ್ದರೆ ಎಲ್ಲೋ ಒಂದು ಒಲೆ ಸಿಕ್ಕಾಗ ಕರಿಕಾಪಿಯೂ ಆಗುತ್ತದೆ. ಸುತ್ತ ನೀರೇ ನೀರು, ಕುಡಿಯಲು ಮಾತ್ರ ಇಲ್ಲ. ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ. ಆದರೆ ಕೆಂಪು ನೀರಿಗೆ ಹಾಗೇ ಹಾಕಿದರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸ್ವಲ್ಪ ಹೊತ್ತು ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ, ಆಮೇಲೆ ಹಾಕಿ ಅರ್ಧ ಗಂಟೆ ಕಾಯಿರಿ. ಕುದಿಸಲು ಆಗುವ ಕಡೆ ಕುದಿಸುವುದೇ ವಾಸಿ.

ಟಾರ್ಚ್ ತಲೆಗೆ ಕಟ್ಟುವುದಿರಲಿ, ಎರಡೂ ಕೈ ಖಾಲಿ ಇರುತ್ತದೆ. ಚೀಲದಲ್ಲಿಡುವಾಗ ಒಂದು ಸೆಲ್ ತಿರುಗಿಸಿ ಹಾಕಿ, ತಾನಾಗಿ ಉರಿದು ಖಾಲಿಯಾಗುವುದಿಲ್ಲ. ಪವರ್ ಬ್ಯಾಂಕ್ ಒಂದು. ಕರೆಂಟು, ಟವರು ಎರಡೂ ಹೋದಾಗ ಫೋನು ಬರೀ ಗಡಿಯಾರ. ಮನೆಯವರ ನಂಬರು, ತಂಡದ ಮುಖ್ಯಸ್ಥರ ನಂಬರು, ಜಿಲ್ಲಾ ಸಹಾಯವಾಣಿ 1077, ನಿಮ್ಮ ರಕ್ತದ ಗುಂಪು ಎಲ್ಲ ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ. ಜೆಲ್ ಪೆನ್ನಿನದು ಒಂದೇ ಹನಿಗೆ ಕಲಸಿಹೋಗುತ್ತದೆ. ಆಧಾರ್ ನಕಲು, ಹತ್ತು ಇಪ್ಪತ್ತರ ಚಿಲ್ಲರೆ ನೋಟು ಅದರ ಜೊತೆಗೆ. ಸೀಟಿ ಮಾತ್ರ ಚೀಲದೊಳಗೆ ಬೇಡ, ಕುತ್ತಿಗೆಯಲ್ಲಿರಲಿ.

ಕತ್ತಿ ಬೇಡ್ವಾ ಅಂತ ಕೆಲವರು ಕೇಳುತ್ತಾರೆ. ಕೊಡಗಿನಲ್ಲಿ ಯಾವ ಮನೆಗೆ ಹೋದರೂ ಕತ್ತಿ ಸಿಗುತ್ತದೆ. ಒಣ ಕಾಲುಚೀಲ ಸಿಗುವುದಿಲ್ಲ.

ಇನ್ನು ಭಾರ. ನನ್ನ ಲೆಕ್ಕದಲ್ಲಿ ನೀರೂ ಸೇರಿ ಏಳೆಂಟು ಕಿಲೋ ದಾಟಬಾರದು. ತೂಕದ ಯಂತ್ರಕ್ಕಿಂತ ತೋಟದ ಏರು ಒಳ್ಳೆಯ ಪರೀಕ್ಷೆ. ಗಂಬೂಟು ಹಾಕಿ, ಚೀಲ ಹೊತ್ತು ಒಂದು ಸಲ ಹತ್ತಿ ಇಳಿಯಿರಿ. ಮೇಲೆ ಹೋಗಿ ಮಾತಾಡಲು ಉಸಿರಿಲ್ಲದಿದ್ದರೆ ಏನೋ ಜಾಸ್ತಿ ಇದೆ ಅಂತಲೇ. ಸಾಮಾನ್ಯವಾಗಿ ಅದು ಮೂರನೇ ಶರ್ಟು.

ಕಟ್ಟಿಟ್ಟ ಚೀಲವನ್ನು ಅಟ್ಟದ ಮೇಲೆ ಮರೆತರೆ ಜೂನ್ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ. ಮೇ ಕೊನೆಯಲ್ಲಿ ಒಮ್ಮೆ ಎಲ್ಲ ಸುರಿದು ಬಿಸಿಲಿಗೆ ಹಾಕಿ, ಸೆಲ್ ಬದಲಿಸಿ, ಮಾತ್ರೆಗಳ ತಾರೀಕು ನೋಡಿ. ನಾನು ಹೋದ ವರ್ಷ ತೆಗೆದು ನೋಡಿದಾಗ ಕಡಲೆಮಿಠಾಯಿಯ ಬರೀ ಕಾಗದ ಉಳಿದಿತ್ತು, ಇಲಿ ಅಷ್ಟನ್ನೂ ಮುಗಿಸಿತ್ತು. ಈಗ ಸ್ಟೀಲ್ ಡಬ್ಬಿಯಲ್ಲಿಡುತ್ತೇನೆ.