ಪದ ಪರಿಚಯ: ಡೆಡ್ ಕೋಡ್

ಮಾಟುಂಗಾದ ಹೋಟೆಲಲ್ಲಿ ಇಡ್ಲಿ ಮುರಿಯುತ್ತ ಅಕ್ಕನ ಮಗ ಕೇಳಿದ: "ಮಾಮ, ಲಿನಕ್ಸ್ ಕರ್ನಲ್‌ನಿಂದ ಡೆಡ್ ಕೋಡ್ ತೆಗೆದ್ರಂತೆ. ಉಪಯೋಗ ಇಲ್ಲದ್ದನ್ನ ಇಷ್ಟು ವರ್ಷ ಇಟ್ಕೊಂಡಿದ್ದಾದ್ರೂ ಯಾಕೆ?" ಡೊಂಬಿವಲಿಯಿಂದ ದಿನಾ ಲೋಕಲ್ ಹಿಡಿದು ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಹುಡುಗ. ಕರ್ನಲ್ ಅಂದರೆ ಯಂತ್ರಭಾಗಗಳನ್ನು ನಡೆಸುವ, ಲಿನಕ್ಸ್ ವ್ಯವಸ್ಥೆಯ ತಿರುಳು; ಕೋಡ್ ಅಂದರೆ ಅದನ್ನು ಬರೆದ ಸಾಲುಗಳು. ಡೆಡ್ ಅಂದರೆ ಸತ್ತದ್ದು, ಸತ್ತದ್ದನ್ನು ಎತ್ತಿಹಾಕಿದರಾಯಿತು ಎಂಬುದು ಅವನ ಲೆಕ್ಕ. ಆ ಲೆಕ್ಕ ತಪ್ಪಿಸುವುದೇ ಈ ಪದ. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗೆ ಜನ ಇದೊಂದೇ ಹೆಸರು ಹಿಡಿದು ಕರೆಯುತ್ತಾರೆ.

ಮೊದಲನೆಯದು ಪಾಠದ ಪುಸ್ತಕದ್ದು. ಕೆಲಸ ಮುಗಿಯಿತು, ಹಿಂತಿರುಗು ಎನ್ನುವ 'ರಿಟರ್ನ್' ಆದಮೇಲೆ ಬರೆದ ಸಾಲು, ಎಂದೂ ನಿಜವಾಗದ ಷರತ್ತಿನ ಒಳಗಿನ ಸಾಲು. ಅಲ್ಲಿಗೆ ಪ್ರೋಗ್ರಾಂ ಹೋಗುವ ದಾರಿಯೇ ಇಲ್ಲ. ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಅದನ್ನು ಸಾಮಾನ್ಯವಾಗಿ ತಾನೇ ಬಿಟ್ಟುಬಿಡುತ್ತದೆ, ಓದುವವರ ಕಣ್ಣಿಗಷ್ಟೇ ಕಿರಿಕಿರಿ. ಇದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ.

ಎರಡನೆಯದು, ಯಾರೂ ಕರೆಯದ ಫಂಕ್ಷನ್, ಅಂದರೆ ಹೆಸರಿಟ್ಟ ಒಂದು ಕೆಲಸದ ತುಣುಕು, ಆ ಹೆಸರು ಹಿಡಿದು ಕರೆಯುವ ಸಾಲು ಎಲ್ಲೂ ಇಲ್ಲ. ಒಂದೇ ಫೈಲಿನೊಳಗೆ ಉಳಿಯುವ ಸ್ಟ್ಯಾಟಿಕ್ ಫಂಕ್ಷನ್ ಆದರೆ ಕಂಪೈಲರ್ರೇ ಎಚ್ಚರಿಸುತ್ತದೆ. ಹೊರಗಿನವರೂ ಕರೆಯಬಹುದಾದದ್ದಾದರೆ ನಾವೇ ಹುಡುಕಬೇಕು. ಸುಲಭ ಅನ್ನಿಸುತ್ತದೆ ಅಲ್ಲವೇ? ನನಗೂ ಅನ್ನಿಸಿತ್ತು. ಕರ್ನಲ್‌ಗೆ ಮೊದಲ ಪ್ಯಾಚ್, ಅಂದರೆ ತಿದ್ದುಪಡಿ, ಕಳಿಸುವ ಹುರುಪಿನಲ್ಲಿ ಒಂದು ಡ್ರೈವರಿನ (ಒಂದು ಯಂತ್ರಭಾಗವನ್ನು ನಡೆಸುವ ಕೋಡಿನ) ಫಂಕ್ಷನ್ ಹಿಡಿದೆ. ಕೋಡಿನಲ್ಲಿ ಪದ ಹುಡುಕುವ ಗಿಟ್ ಗ್ರೆಪ್ ಕೊಟ್ಟರೆ ಅದರ ಹೆಸರು ಇಡೀ ಕರ್ನಲ್‌ನಲ್ಲಿ ಒಂದೇ ಕಡೆ, ಬರೆದ ಜಾಗದಲ್ಲಿ ಮಾತ್ರ. ಅಳಿಸಿದೆ, ನನ್ನ ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಆಯಿತು (ಕೋಡಿನಿಂದ ಕರ್ನಲ್ ಸಿದ್ಧವಾಯಿತು), ಕಳಿಸಿದೆ. ಮರುದಿನವೇ ಉತ್ತರ: ಬೇರೊಂದು ಕಾನ್ಫಿಗ್‌ನಲ್ಲಿ, ಅಂದರೆ ಕರ್ನಲ್‌ಗೆ ಏನೇನು ಸೇರಬೇಕೆಂಬ ಬೇರೆ ಆಯ್ಕೆಯಲ್ಲಿ, ಬಿಲ್ಡ್ ಮುರಿದಿದೆ. ನೋಡಿದರೆ, ಆ ಹೆಸರನ್ನು ಒಂದು ಮ್ಯಾಕ್ರೋ (ಬಿಲ್ಡ್ ಆಗುವಾಗ ತಾನೇ ಕೋಡ್ ಬರೆದುಕೊಡುವ ಅಚ್ಚು) ಎರಡು ತುಂಡು ಅಂಟಿಸಿ ತಯಾರಿಸುತ್ತಿತ್ತು. ಮುಂಭಾಗ ಒಂದು ಕಡೆ, ಬಾಲ ಇನ್ನೊಂದು ಕಡೆ. ಗ್ರೆಪ್‌ಗೆ ಪೂರ್ತಿ ಹೆಸರು ಕಂಡರೆ ತಾನೆ! ಆ ಮ್ಯಾಕ್ರೋ ಕೂಡ ನನ್ನ ಯಂತ್ರಕ್ಕೆ ಸಂಬಂಧವೇ ಇಲ್ಲದ ಪ್ರೊಸೆಸರಿನ ಫೋಲ್ಡರಿನಲ್ಲಿತ್ತು. ಮಾನ ಹೋದದ್ದು ಸ್ವಲ್ಪವೇ, ಪಾಠ ಮಾತ್ರ ಗಟ್ಟಿಯಾಗಿ ಕೂತಿತು. ಕರ್ನಲ್‌ನಲ್ಲಿ ಯಾವ ಸಾಲು ಬದುಕಿದೆ ಎಂಬುದು ಸಾವಿರಾರು ಕಾನ್ಫಿಗ್ ಆಯ್ಕೆಗಳ ಮೇಲೆ ನಿಂತಿರುತ್ತದೆ. ನನ್ನ ಮನೆಯಲ್ಲಿ ಸತ್ತದ್ದು ಪಕ್ಕದ ಮನೆಯಲ್ಲಿ ಅಡುಗೆ ಮಾಡುತ್ತಿರಬಹುದು.

ಸುದ್ದಿಯಾಗುವುದು ಮೂರನೆಯದು. ಕೋಡ್ ಸರಿಯಿದೆ, ಕರೆಯುವವರೂ ಇದ್ದಾರೆ, ಬಿಲ್ಡ್ ಕೂಡ ಆಗುತ್ತದೆ. ಆದರೆ ಅದು ಓಡಬೇಕಾದ ಯಂತ್ರ ಲೋಕದಲ್ಲಿ ಉಳಿದಿಲ್ಲ, ಉಳಿದಿದ್ದರೂ ಹೊಸ ಕರ್ನಲ್ ಹಾಕುವವರು ಯಾರೂ ಇಲ್ಲ. ಹುಡುಗನಿಗೆ ಇದನ್ನು ಹೇಳಲು ನಾನು ಹುಟ್ಟಿ ಬೆಳೆದ ಗಿರಗಾಂವ್ ಚಾಳನ್ನೇ ತರಬೇಕಾಯಿತು. ಮೂರನೇ ಮಾಳಿಗೆಯಲ್ಲಿ ಬೀಗ ಜಡಿದ ಪಾಗಡಿ ಖೋಲಿ, ಅಂದರೆ ಮುಂಗಡ ಕೊಟ್ಟು ಹಳೆಯ ಬಾಡಿಗೆಗೆ ಹಿಡಿದಿಟ್ಟುಕೊಂಡ ಕೋಣೆ. ಬಾಡಿಗೆ ರಸೀದಿ ಎಂದೋ ತೀರಿಕೊಂಡ ಅಜ್ಜನ ಹೆಸರಲ್ಲಿ. ಇಡೀ ಕಟ್ಟಡಕ್ಕೆ ಹೊಸ ವಯರಿಂಗ್ ಹಾಕಿದಾಗ ಆ ಖೋಲಿಗೂ ಹಾಕಲೇಬೇಕಾಯಿತು, ಬೆಳಕು ಯಾರಿಗೆ ಎಂದು ಯಾರೂ ಕೇಳಲಿಲ್ಲ. ಒಳಗೆ ನಲ್ಲಿ ಸೋರಿದಾಗ ಚಾವಣಿ ಒದ್ದೆಯಾದದ್ದು ಕೆಳಗಿನ ಮನೆಯವರದು.

ಕರ್ನಲ್‌ನ ಕಥೆಯೂ ಹೀಗೇ. ಮೂರು ಕೋಟಿಗೂ ಮಿಕ್ಕಿದ ಸಾಲುಗಳಲ್ಲಿ ಭಾಗಗಳು ಒಂದನ್ನೊಂದು ಕರೆಯುವ ಒಳಗಿನ ಒಂದು ಇಂಟರ್‌ಫೇಸ್ ಬದಲಾಯಿಸಿದರೆ, ಅದನ್ನು ಬಳಸುವ ಪ್ರತಿ ಡ್ರೈವರನ್ನೂ ತಿದ್ದಬೇಕು, ಪರೀಕ್ಷಿಸಲು ಯಂತ್ರವೇ ಸಿಗದ್ದನ್ನೂ ಸೇರಿಸಿ. ನಲ್ಲಿ ಸೋರಿದ್ದಕ್ಕೆ ಡಿಸಿಸಿಪಿಯೇ ಸಾಕ್ಷಿ. ಹೆಚ್ಚು ಜನ ಕೈಗೆತ್ತಿಕೊಳ್ಳದೇ ಹೋದ ನೆಟ್‌ವರ್ಕ್ ಪ್ರೋಟೋಕಾಲ್ ಅದು. ಅದರಲ್ಲಿ 2005ರಿಂದ ಅಡಗಿದ್ದ ಒಂದು ದೋಷ 2017ರಲ್ಲಿ ಬಯಲಾಯಿತು. ಡಿಸಿಸಿಪಿಯನ್ನು ಮಾಡ್ಯೂಲಾಗಿ (ಬೇಕಾದಾಗ ಸೇರಿಸುವ ತುಣುಕಾಗಿ) ಕೊಟ್ಟ ವ್ಯವಸ್ಥೆಗಳಲ್ಲಿ ಸಾಮಾನ್ಯ ಬಳಕೆದಾರ ಅದರ ಒಂದು ಸಾಕೆಟ್, ಅಂದರೆ ಸಂಪರ್ಕದ ಕಿಂಡಿ, ತೆರೆದರೆ ಅದು ತಾನಾಗಿ ಲೋಡ್ ಆಗುತ್ತಿತ್ತು. ಅಲ್ಲಿಂದ ರೂಟ್ ಅಧಿಕಾರದವರೆಗೆ, ಅಂದರೆ ಇಡೀ ಯಂತ್ರದ ಹಿಡಿತದವರೆಗೆ, ಏಣಿ. ಯಾರೂ ಬಳಸದ ಕೋಡ್ ಯಾರಿಗೂ ತೊಂದರೆ ಕೊಡುವುದಿಲ್ಲ ಎನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ. 2025ರಲ್ಲಿ, 6.16 ಆವೃತ್ತಿಯಲ್ಲಿ, ಡಿಸಿಸಿಪಿಯನ್ನೇ ಕಿತ್ತು ಹಾಕಿದರು.

ಬೀಗ ಒಡೆಯುವ ಮೊದಲು ಬಾಗಿಲಿಗೆ ನೋಟಿಸ್ ಅಂಟಿಸುವ ಪದ್ಧತಿ ಇಲ್ಲೂ ಇದೆ. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ರೈಸರ್‌ಎಫ್‌ಎಸ್ ಎಂಬ ಹಳೆಯ ಫೈಲ್ ಸಿಸ್ಟಂ ತೆಗೆಯುತ್ತೇವೆಂದು 2022ರಲ್ಲಿ ಸಾರಿದರು, ತೆಗೆದದ್ದು 2025ರ ಜನವರಿಯಲ್ಲಿ ಬಂದ 6.13ರಲ್ಲಿ. ಡಿಸ್ಕಿನಲ್ಲಿ ಡೇಟಾ ಇರುವವರು ಬೇರೆ ಕಡೆ ಸಾಗಿಸಿಕೊಳ್ಳಲು ಅಷ್ಟು ಸಮಯ. 2018ರಲ್ಲಿ ಕರ್ನಲ್ ಡೆವಲಪರ್ ಆರ್ನ್ಡ್ ಬರ್ಗ್‌ಮನ್ ಒಂದೇ ಸಲಕ್ಕೆ ಎಂಟು ಪ್ರೊಸೆಸರ್ ವಿನ್ಯಾಸಗಳ ಬೆಂಬಲ ತೆಗೆದರು, ಸುಮಾರು ಐದು ಲಕ್ಷ ಸಾಲು. ಬ್ಲ್ಯಾಕ್‌ಫಿನ್, ಕ್ರಿಸ್, ಟೈಲ್ ಎಲ್ಲ ಅದರಲ್ಲಿದ್ದವು. ಅವರು ಗಮನಿಸಿದ ಸಂಗತಿ ನನಗೆ ಇಷ್ಟ: ಎಂಟಕ್ಕೂ ಒಂದೇ ಗತಿ. ಒಂದೇ ಕಂಪನಿ ಚಿಪ್ಪು, ಪ್ರೊಸೆಸರ್ ವಿನ್ಯಾಸ, ಸಾಫ್ಟ್‌ವೇರ್ ಮೂರನ್ನೂ ಹೊತ್ತುಕೊಂಡಿತ್ತು. ಹೊರಗಿನಿಂದ ಸಿದ್ಧ ವಿನ್ಯಾಸ ಕೊಳ್ಳುವುದೇ ಅದಕ್ಕಿಂತ ಅಗ್ಗವಾಯಿತು.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಶುರುಮಾಡಿದ್ದು ಇಂಟೆಲ್ 386 ಪ್ರೊಸೆಸರಿನ ಮೇಲೆ. ಅದರ ಬೆಂಬಲವನ್ನೇ 2012ರ ಡಿಸೆಂಬರಿನಲ್ಲಿ ತೆಗೆಯುವಾಗ, ನಿಮ್ಮ ಮೊದಲ ಯಂತ್ರ ಇನ್ನು ಹೊಸ ಕರ್ನಲ್ ಬೂಟ್ ಮಾಡದು ಎಂದು ಆ ಬದಲಾವಣೆ ಕಳಿಸಿದವರು ಕಣ್ಣೀರಿನ ತಮಾಷೆ ಮಾಡಿದ್ದರು. ತನಗೆ ಅಂಥ ಭಾವುಕತೆಯಿಲ್ಲ, ತೊಲಗಿದ್ದೇ ಒಳ್ಳೆಯದಾಯಿತು ಎಂಬರ್ಥದಲ್ಲಿ ಉತ್ತರಿಸಿ ಲಿನಸ್ ಒಪ್ಪಿಕೊಂಡರು.

ಈ ಮೂರನೆಯದನ್ನು ಸತ್ತ ಕೋಡ್ ಎನ್ನಲು ನನಗೆ ಮನಸ್ಸಿಲ್ಲ, ವಾರಸುದಾರರಿಲ್ಲದ ಕೋಡ್ ಎನ್ನುತ್ತೇನೆ. ಯಾವ ಭಾಗ ಯಾರ ಹೊಣೆ ಎಂದು ಬರೆದಿಡುವ ಕರ್ನಲ್‌ನ ಮೇಂಟೇನರ್ಸ್ ಫೈಲಿನಲ್ಲಿ ನೋಡಿಕೊಳ್ಳುವವರಿಲ್ಲದ ಭಾಗದ ಮುಂದೆ ಬರೆಯುವುದೂ 'ಆರ್ಫನ್' ಎಂದೇ, ಅನಾಥ.

"ಹಾಗಾದ್ರೆ ಫ್ಲಾಪಿ ಡ್ರೈವರೂ ಹೋಗಿರ್ಬೇಕಲ್ಲ?" ಅಂದ ಹುಡುಗ, ಕೈ ತೊಳೆದು ಬಂದು. ಇಲ್ಲ ಮಾರಾಯ. 2019ರಲ್ಲಿ ಅದರ ಮುಂದೆಯೂ ಅನಾಥ ಎಂದು ಬರೆದಾಗಿತ್ತು. ನಿಜವಾದ ಫ್ಲಾಪಿ ಡ್ರೈವ್ ಸಿಗುವುದೇ ಕಷ್ಟ, ಆದರೆ ವರ್ಚುವಲ್ ಮೆಷಿನ್‌ಗಳಲ್ಲಿ (ಸಾಫ್ಟ್‌ವೇರಿನಲ್ಲೇ ಕಟ್ಟಿದ ಕಂಪ್ಯೂಟರುಗಳಲ್ಲಿ) ಅದರ ನಕಲು ಇನ್ನೂ ಓಡುತ್ತಿತ್ತು. ಆಮೇಲೆ ಒಬ್ಬ ಡೆವಲಪರ್ ಮುಂದೆ ಬಂದು ತನ್ನ ಹೆಸರು ಬರೆಸಿದ. ಈಗ ಅದರ ಮುಂದಿರುವುದು 'ಆಡ್ ಫಿಕ್ಸಸ್' (Odd Fixes), ಅಂದರೆ ಪುರುಸೊತ್ತಾದಾಗ ಏನಾದರೂ ರಿಪೇರಿ.