ಕರಡಿನ ಕೆಳಗಿನ ಸಹಿ: ಹರಾಜಿಗೆ ಬಂದ ಹಸ್ತಪ್ರತಿಯನ್ನು ಓದುವ ಬಗೆ

ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಹೆಸರು ಕೊರೆದಿರುವುದನ್ನು ಹಾಸನ ಜಿಲ್ಲೆಯವರಾದ ನಾವು ಶಾಲಾ ಪ್ರವಾಸದ ದಿನಗಳಿಂದಲೂ ಕೇಳಿದ್ದೇವೆ. ಆ ಹೆಸರು ಬಂದಿರುವುದು ಕೆತ್ತನೆ ಮುಗಿದ ಶಿಲ್ಪಕ್ಕೆ. ಅರ್ಧಕ್ಕೆ ನಿಂತ ಕಲ್ಲಿಗೆ ರೂವಾರಿ ಅಂಕಿತ ಹಾಕಲು ಕಾರಣವೇ ಇರುವುದಿಲ್ಲ. ಕಾಗದದ ವ್ಯವಹಾರದಲ್ಲಿಯೂ ರೂಢಿ ಇದೇ: ಕರಡು ಬರೆದು, ಚಿತ್ತು ಹೊಡೆದು, ಶುದ್ಧಪ್ರತಿ ತೆಗೆದ ಮೇಲೆ ಆ ಶುದ್ಧಪ್ರತಿಗೆ ರುಜು ಬೀಳುತ್ತದೆ. ಆದ್ದರಿಂದ ಹರಾಜಿನ ಕ್ಯಾಟಲಾಗಿನಲ್ಲಿ ‘ರಾಜಕೀಯ ವಿದ್ಯಮಾನಗಳ ಕುರಿತು ಮುತ್ಸದ್ದಿಯೊಬ್ಬರ ಕರಡು ಹಸ್ತಪ್ರತಿ, ಸಹಿ ಸಹಿತ’ ಎಂಬ ಒಕ್ಕಣೆ ಕಂಡರೆ, ಸಹಿ ಅಸಲಿಯೋ ನಕಲಿಯೋ ಎಂದು ಕೇಳುವುದಕ್ಕೂ ಮೊದಲು, ಕರಡಿಗೆ ಸಹಿ ಏಕೆ ಬಂತು ಎಂದು ಕೇಳಬೇಕು. ನಮ್ಮ ಭಾನುವಾರದ ಓದಿನ ಗುಂಪಿಗಾಗಿ ಬರೆದ ಈ ಟಿಪ್ಪಣಿ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಒಂದು ಉತ್ತರ ಪತ್ರಿಕೆಗಳಿಂದ ಬರುತ್ತದೆ. ಲೇಖಕರೇ ಸಂಪಾದಕರೂ ಆಗಿದ್ದಾಗ ಚಿತ್ತುಕಾಟುಗಳಿದ್ದ ಹಾಳೆಯೇ ನೇರವಾಗಿ ಅಚ್ಚುಕೂಟಕ್ಕೆ ಹೋಗುತ್ತಿತ್ತು. ಅಂಥ ಹಾಳೆಯ ಕೊನೆಯ ಸಹಿ ಲೇಖನದ ಭಾಗವೇ ಆಗಿರುತ್ತದೆ. ಗಾಂಧೀಜಿಯವರು ಹತ್ಯೆಗೆ 19 ದಿನ ಮೊದಲು, ಅಂದರೆ 1948ರ ಜನವರಿ 11ರಂದು, ‘ಹರಿಜನ’ ಪತ್ರಿಕೆಗಾಗಿ ಬರೆದ ಕರಡೊಂದು 2007ರ ಜುಲೈನಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿಗೆ ಬಂದಿತ್ತು. ಉರ್ದುವಿನ ಬಗೆಗೂ ಮುಸ್ಲಿಮರ ಬಗೆಗೂ ಸಹಿಷ್ಣುತೆಯನ್ನು ಕೋರುವ ಆ ಬರಹವು ಆಲ್ಬಿನ್ ಶ್ರಾಮ್ ಎಂಬ ಸಂಗ್ರಾಹಕರಲ್ಲಿತ್ತು. ಸುಮಾರು ಒಂದು ಸಾವಿರ ಪತ್ರಗಳಿದ್ದ ಅವರ ಸಂಗ್ರಹ ಬೆಳಕಿಗೆ ಬಂದದ್ದು ಅವರ ಮರಣಾನಂತರ, ಸ್ವಿಟ್ಜರ್ಲೆಂಡಿನ ಮನೆಯ ಬಟ್ಟೆ ಒಗೆಯುವ ಕೋಣೆಯ ಕಪಾಟಿನಿಂದ. (ನಮ್ಮ ಕಡೆಯಾದರೆ ಅಟ್ಟದ ಟ್ರಂಕು, ವ್ಯತ್ಯಾಸ ಅಷ್ಟೇ.) ಹರಾಜಿಗೆ ಮೊದಲೇ ಭಾರತ ಸರ್ಕಾರ ಮಾತುಕತೆ ನಡೆಸಿ ಅದನ್ನು ಪಡೆದುಕೊಂಡಿತು. ಹೀಗೆ ಹರಾಜಿನ ಹಲಗೆಯಿಂದ ಹಿಂದೆಗೆದ ವಸ್ತುವಿಗೆ ಮಾರುಕಟ್ಟೆಯ ಬೆಲೆ ಎಷ್ಟಿತ್ತು ಎಂಬುದು ಎಂದಿಗೂ ನಿರ್ಧಾರವಾಗುವುದಿಲ್ಲ. ಅಂದಾಜು ಬೆಲೆಯನ್ನೇ ನಿಜವಾದ ಬೆಲೆಯೆಂದು ಉಲ್ಲೇಖಿಸುವ ತಪ್ಪನ್ನು ನಾವು ಮಾಡಬಾರದು.

ಎರಡನೆಯ ಉತ್ತರ ಕಚೇರಿಯ ಕಡತದಿಂದ. ಗುಮಾಸ್ತರು ಸಿದ್ಧಪಡಿಸಿದ ಕರಡನ್ನು ಮಂತ್ರಿಯಾದವರು ತಿದ್ದಿ, ಒಪ್ಪಿಗೆಯ ಗುರುತಾಗಿ ಅಂಚಿನಲ್ಲಿ ಸಣ್ಣ ಸಹಿ ಹಾಕಿ ತಾರೀಖು ಬರೆಯುತ್ತಾರೆ. ಇಲ್ಲಿ ಸಹಿ ಇರುವುದು ಕರ್ತೃತ್ವಕ್ಕಲ್ಲ, ಅನುಮೋದನೆಗೆ. ಇಂಥ ಹಾಳೆಯನ್ನು ‘ಸ್ವಹಸ್ತದ ಬರಹ’ ಎಂದು ವರ್ಣಿಸಿದರೆ ಅದು ಸುಳ್ಳಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅದು ಕಡತದಿಂದ ಹೊರಬಂದ ಹಾಳೆಯಾಗಿದ್ದರೆ ಮಾರುವವರಿಗೆ ಮಾರುವ ಹಕ್ಕೇ ಇರಲಾರದು. ಕೇಂದ್ರದ ಕಡತಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ಕರ್ನಾಟಕವೂ 2010ರಲ್ಲಿ ತನ್ನದೇ ಕಾಯ್ದೆ ಮಾಡಿಕೊಂಡಿದೆ. ಕಾಗದದ ಮೇಲೆ ಕಡತದ ಸಂಖ್ಯೆ, ಸ್ವೀಕೃತಿಯ ಮೊಹರು, ಎಡ ಮೂಲೆಯಲ್ಲಿ ದಾರ ಪೋಣಿಸಿದ ತೂತು ಕಂಡರೆ ಬೆಲೆಯ ಮಾತನ್ನು ಬದಿಗಿಟ್ಟು ಒಡೆತನದ ಜಾಡನ್ನು ಹಿಡಿಯಬೇಕು.

ಮೂರನೆಯದು ಅಭಿಮಾನದ ಸಹಿ. ಬರೆದು ಎಷ್ಟೋ ವರ್ಷಗಳಾದ ಮೇಲೆ ಯಾರೋ ಕೇಳಿದರೆಂದು ಹಳೆಯ ಹಾಳೆಗೆ ಹಾಕಿಕೊಟ್ಟದ್ದು. ಇದು ಮೋಸವಲ್ಲ, ಗಾಂಧೀಜಿಯವರು ಹರಿಜನ ನಿಧಿಗಾಗಿ 5 ರೂಪಾಯಿ ಪಡೆದು ಸಹಿ ಮಾಡಿಕೊಡುತ್ತಿದ್ದದ್ದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಇಂಥ ಸಹಿ ಆ ಬರಹದ ಕಾಲಕ್ಕೆ ಸಾಕ್ಷಿಯಾಗಲಾರದು.

ಇದು ನನಗೆ ಅರ್ಥವಾದದ್ದು ಸಕಲೇಶಪುರದ ನೆಂಟರ ಮನೆಯಲ್ಲಿ. ಅವರ ಅಜ್ಜ ದೊಡ್ಡ ಮುತ್ಸದ್ದಿಯೇನಲ್ಲ, ಹೋಬಳಿ ಮಟ್ಟದ ಕಾಂಗ್ರೆಸ್ ಕಾರ್ಯಕರ್ತರು. 1947ರ ಸೆಪ್ಟೆಂಬರಿನಲ್ಲಿ, ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯುತ್ತಿದ್ದಾಗ, ಸಂತೆಯ ದಿನ ಓದಲೆಂದು ಬರೆದ ಭಾಷಣದ ನಾಲ್ಕು ಹಾಳೆಗಳು ಉಳಿದಿವೆ. ಮಸಿ ನೀಲಿಗಪ್ಪಾಗಿದ್ದು ಈಗ ಕಂದಿದೆ. ಮಲೆನಾಡಿನ ಮಳೆಗಾಲಗಳು ಅಂಚಿನಲ್ಲಿ ತುಕ್ಕುಬಣ್ಣದ ಚುಕ್ಕೆಗಳನ್ನು ಇಟ್ಟಿವೆ. ಎರಡನೆಯ ಹಾಳೆಯಲ್ಲಿ ‘ಮಹಾಸ್ವಾಮಿಯವರಲ್ಲಿ ಬೇಡಿಕೊಳ್ಳುತ್ತೇವೆ’ ಎಂಬಲ್ಲಿ ಕೊನೆಯ ಪದವನ್ನು ಹೊಡೆದು ‘ಕೇಳುತ್ತೇವೆ’ ಎಂದು ಬರೆದಿದ್ದಾರೆ. ಅದನ್ನೂ ಹೊಡೆದು, ಜಾಗ ಸಾಲದೆ ಅಂಚಿನಲ್ಲಿ ಓರೆಯಾಗಿ ‘ಒತ್ತಾಯಿಸುತ್ತೇವೆ’ ಎಂದಿದ್ದಾರೆ. ಆ ಮೂರು ಕ್ರಿಯಾಪದಗಳ ನಡುವೆ ಒಬ್ಬ ಪ್ರಜೆ ನಾಗರಿಕನಾಗುತ್ತಿದ್ದಾನೆ, ಅಚ್ಚಾದ ಯಾವ ವರದಿಯಲ್ಲಿಯೂ ಇದು ಸಿಗುವುದಿಲ್ಲ. ನಾಲ್ಕನೆಯ ಹಾಳೆಯ ಕೊನೆಯಲ್ಲಿ ಅಚ್ಚುಕಟ್ಟಾದ ಸಹಿ ಇದೆ. ಅದು ಮಾತ್ರ ಬಾಲ್‌ಪೆನ್ನಿನದು: ಹಾಳೆಯ ಹಿಂಬದಿಯಲ್ಲಿ ಬೆರಳಾಡಿಸಿದರೆ ಗೆರೆಯ ಉಬ್ಬು ತಾಗುತ್ತದೆ, ಮಸಿಯ ಅಕ್ಷರಗಳಲ್ಲಿ ಆ ಉಬ್ಬಿಲ್ಲ. ವಿಚಾರಿಸಿದಾಗ, ಮೊಮ್ಮಗಳು ಹಟ ಮಾಡಿ ಹಾಕಿಸಿಕೊಂಡದ್ದು ಎಂದು ನಗುತ್ತಾ ಹೇಳಿದರು.

ಕೈಬರಹದ ಹೋಲಿಕೆಯೊಂದನ್ನೇ ನಂಬಿಕೊಳ್ಳುವುದರ ಅಪಾಯಕ್ಕೆ ಎರಡು ನಿದರ್ಶನಗಳು ಸಾಕು. 1909ರ ನವೆಂಬರಿನಲ್ಲಿ ಹಡಗಿನಲ್ಲಿ ಕುಳಿತು ಗಾಂಧೀಜಿ ‘ಹಿಂದ್ ಸ್ವರಾಜ್’ ಬರೆಯುವಾಗ ಬಲಗೈ ಸೋತು ಸುಮಾರು 40 ಪುಟಗಳನ್ನು ಎಡಗೈಯಲ್ಲಿ ಬರೆದರು. ಬಲಗೈ ಬರಹವನ್ನಷ್ಟೇ ಬಲ್ಲವರು ಆ ಪುಟಗಳನ್ನು ಪರರದೆಂದು ತಳ್ಳಿಹಾಕಬಹುದಿತ್ತು. ಇದಕ್ಕೆ ತಿರುವುಮುರುವಾದದ್ದು 1983ರ ನಕಲಿ ಹಿಟ್ಲರ್ ದಿನಚರಿಗಳ ಪ್ರಕರಣ. ಜರ್ಮನಿಯ ‘ಸ್ಟೆರ್ನ್’ ಪತ್ರಿಕೆ ಅವಕ್ಕೆ 93 ಲಕ್ಷ ಮಾರ್ಕ್ ಸುರಿದಿತ್ತು, ಕೈಬರಹದ ತಜ್ಞರು ಸರಿಯೆಂದೂ ಹೇಳಿದ್ದರು. ಏಕೆಂದರೆ ಹೋಲಿಕೆಗೆ ಕೊಟ್ಟ ಮಾದರಿಗಳಲ್ಲಿಯೂ ಅದೇ ನಕಲುಗಾರ ಕೊನ್ರಾಡ್ ಕುಯಾವ್‌ನ ಕೈಚಳಕವಿತ್ತು. ಕಡೆಗೆ ಗುಟ್ಟು ಬಿಟ್ಟುಕೊಟ್ಟದ್ದು ಅಕ್ಷರವಲ್ಲ, ವಸ್ತು: ಕಾಗದದಲ್ಲಿ ಯುದ್ಧಾನಂತರ ಬಳಕೆಗೆ ಬಂದ ಬಿಳುಪುಕಾರಕವಿತ್ತು. ಈ ಬಿಳುಪುಕಾರಕವು ನೇರಳಾತೀತ ದೀಪದಡಿ ನೀಲಿಯಾಗಿ ಹೊಳೆಯುತ್ತದೆ. 1930ರ ತಾರೀಖು ಹೊತ್ತ ಹಾಳೆ ಹಾಗೆ ಹೊಳೆದರೆ ಸಹಿ ಎಷ್ಟು ಸೊಗಸಾಗಿದ್ದರೂ ಪ್ರಯೋಜನವಿಲ್ಲ.

ಕಾನೂನಿನ ಭಾಗದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಎರಡು ಕಡೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯಲ್ಲಿ ಇತರ ವಸ್ತುಗಳಿಗೆ 100 ವರ್ಷವಾದರೆ, ಐತಿಹಾಸಿಕ ಮೌಲ್ಯದ ಹಸ್ತಪ್ರತಿ ಹಾಗೂ ದಾಖಲೆಗಳಿಗೆ 75 ವರ್ಷ ಸಾಕು. ಅಂದರೆ 1947ರ ಕರಡು 2022ರಲ್ಲೇ ಪುರಾವಸ್ತುವಿನ ಸಾಲಿಗೆ ಸೇರುವ ವಯಸ್ಸು ತಲುಪಿತು. ಹಾಗೆ ಸೇರಿದ ಮೇಲೆ ಖಾಸಗಿಯವರು ಅದನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಎರಡನೆಯದಾಗಿ, ಕಾಗದವನ್ನು ಕೊಂಡವರಿಗೆ ಬರಹದ ಕೃತಿಸ್ವಾಮ್ಯ ಬರುವುದಿಲ್ಲ. ಆದರೆ ಅಪ್ರಕಟಿತ ಹಸ್ತಪ್ರತಿಯನ್ನು ಲೇಖಕರು ಉಯಿಲಿನ ಮೂಲಕ ಬಿಟ್ಟುಹೋಗಿದ್ದರೆ, ಬೇರೆ ಮಾತು ಬರೆದಿಡದ ಹೊರತು, ಸ್ವಾಮ್ಯವೂ ಅದರೊಂದಿಗೆ ಹೋಗುತ್ತದೆ. ಮರಣಾನಂತರ ಮೊದಲು ಪ್ರಕಟವಾದ ಬರಹಕ್ಕೆ 60 ವರ್ಷಗಳ ಲೆಕ್ಕ ಪ್ರಕಟಣೆಯಿಂದ ಶುರುವಾಗುತ್ತದೆ, ಮರಣದಿಂದಲ್ಲ. ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಮನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಸ್ವಾಮ್ಯದ ಅವಧಿ ಮುಗಿಯದ ಮೂಲ ಹಸ್ತಪ್ರತಿಯೊಂದು 10,000 ರೂಪಾಯಿಗೂ ಹೆಚ್ಚಿಗೆ ಮರುಮಾರಾಟವಾದರೆ, ಮೊದಲ ಹಕ್ಕುದಾರರಾಗಿದ್ದ ಲೇಖಕರಿಗೆ ಅಥವಾ ಅವರ ವಾರಸುದಾರರಿಗೆ ಅದರಲ್ಲಿ ಶೇ. 10ರವರೆಗೆ ಪಾಲು ಸಲ್ಲಬಹುದು.

ಹರಾಜಿನ ಪರಿಭಾಷೆ ನಮ್ಮ ತೋಟಗಾರರಿಗೆ ಹೊಸದಲ್ಲ. ಕಾಫಿ ಬೋರ್ಡಿನ ಹರಾಜಿನ ಕಾಲದಲ್ಲಿ ‘ಲಾಟ್’ (ಒಟ್ಟಿಗೆ ಹರಾಜಿಗಿಡುವ ಸರಕು) ಎಂಬುದು ಮನೆಮಾತಾಗಿತ್ತು. ಇಲ್ಲಿ ಹೆಚ್ಚುವರಿಯಾಗಿ ತಿಳಿಯಬೇಕಾದದ್ದು ಮೀಸಲು ಬೆಲೆ (ಇದಕ್ಕಿಂತ ಕಡಿಮೆಗೆ ಮಾರುವುದಿಲ್ಲವೆಂದು ಮೊದಲೇ ಗೊತ್ತುಮಾಡಿದ್ದು) ಮತ್ತು ಸುತ್ತಿಗೆ ಬೆಲೆಯ (ಕೊನೆಯ ಕೂಗಿನ ಬೆಲೆಯ) ಮೇಲೆ ಕೊಳ್ಳುವವರು ತೆರಬೇಕಾದ ಸಂಸ್ಥೆಯ ಶುಲ್ಕ. ಶುಲ್ಕ ಶೇ. 20 ಎಂದಿದ್ದರೆ 1 ಲಕ್ಷಕ್ಕೆ ಸುತ್ತಿಗೆ ಬಿದ್ದ ಹಾಳೆಗೆ ತೆರಿಗೆ ಬಿಟ್ಟು 1.20 ಲಕ್ಷ ಕೊಡಬೇಕು. ಮಾರುವವರೆಲ್ಲ ದುರಾಸೆಯವರೆಂದು ತಿಳಿಯಬೇಕಿಲ್ಲ: 1864ರ ಚುನಾವಣೆ ಗೆದ್ದಾಗ ಅಬ್ರಹಾಂ ಲಿಂಕನ್ ಮಾಡಿದ ಭಾಷಣದ ಹಸ್ತಪ್ರತಿಯನ್ನು 2009ರಲ್ಲಿ ನ್ಯೂಯಾರ್ಕಿನಲ್ಲಿ 34.4 ಲಕ್ಷ ಡಾಲರಿಗೆ ಮಾರಿದ್ದು ಡ್ರೈಡನ್ ಎಂಬ ಸಣ್ಣ ಊರಿನ ಗ್ರಂಥಾಲಯ, ತನ್ನ ಕಟ್ಟಡವನ್ನು ವಿಸ್ತರಿಸಲು.

ಅಭ್ಯಾಸಕ್ಕಾಗಿ ಸಕಲೇಶಪುರದ ಹಾಳೆಗಳಿಗೆ ನಾನು ಬರೆದ ಕ್ಯಾಟಲಾಗ್ ವಿವರಣೆ ಹೀಗಿದೆ. ಮುಂದಿನ ಭಾನುವಾರ ಇದನ್ನು ತಿದ್ದೋಣ. ‘ಭಾಷಣದ ಕರಡು, ಕನ್ನಡ, ನಾಲ್ಕು ಹಾಳೆ, ಒಂದೇ ಮಗ್ಗುಲು, ನೀಲಿಗಪ್ಪು ಮಸಿ, ತಾರೀಖು ಬರೆದಿಲ್ಲ, ಒಳಗಿನ ಸಂಗತಿಗಳಿಂದ 1947ರ ಸೆಪ್ಟೆಂಬರ್ ಎಂದು ಊಹೆ, ಎರಡನೆಯ ಹಾಳೆಯಲ್ಲಿ ಲೇಖಕರದೇ ಕೈಯ ತಿದ್ದುಪಡಿಗಳು, ಅಂಚಿನಲ್ಲಿ ತೇವದ ಕಲೆ, ಆರಂಭದಿಂದಲೂ ಕುಟುಂಬದ ಒಡೆತನ, ಸಹಿ ಲೇಖಕರದೇ, ಆದರೆ ಬಾಲ್‌ಪೆನ್ನಿನದು, ನಂತರದ್ದು.’